ಬಿಂದು, ರೇಖೆ, ಸಮತಲ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ತ್ರಿಭುಜ, ವೃತ್ತದ ಪಾಠ ಬಂದಾಗ ಮಕ್ಕಳು ಅಷ್ಟಾಗಿ ಪ್ರಶ್ನೆ ಕೇಳುವುದಿಲ್ಲ, ಲೆಕ್ಕ ಮಾಡಿ ಮುಗಿಸುತ್ತಾರೆ. ಆದರೆ ಶುರುವಿನ ಪಾಠದಲ್ಲಿ ಬಿಂದು, ರೇಖೆ, ಸಮತಲ ಅಂದ ಕೂಡಲೇ ಕೈಗಳು ಮೇಲೇಳುತ್ತವೆ. ಅವು ಸಣ್ಣ ಪ್ರಶ್ನೆಗಳಲ್ಲ. ಒಂದೆರಡಕ್ಕೆ ಉತ್ತರ ಸಿಗಲು ಗಣಿತಜ್ಞರಿಗೇ ಎರಡು ಸಾವಿರ ವರ್ಷ ಹಿಡಿಯಿತು. ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಕೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

ಬಿಂದು ಅಂದ್ರೆ ಚುಕ್ಕಿನೇ ಅಲ್ವಾ?

ಅಲ್ಲ. ಚುಕ್ಕಿ ನಾವು ಕಾಗದದ ಮೇಲೆ ಇಡುವ ಗುರುತು. ಆ ಗುರುತು ತೋರಿಸುವ ಜಾಗ ಬಿಂದು.

ಪೆನ್ಸಿಲ್‌ನಿಂದ ಒಂದು ಚುಕ್ಕಿ ಇಟ್ಟು ಭೂತಗನ್ನಡಿಯಲ್ಲಿ ನೋಡಿ. ಪೆನ್ಸಿಲ್ ಕಡ್ಡಿಯ ಪುಡಿ ಗುಡ್ಡೆಯಾಗಿ ಬಿದ್ದಿರುತ್ತದೆ. ಅದಕ್ಕೆ ಅಗಲ ಇದೆ, ಸ್ವಲ್ಪ ದಪ್ಪವೂ ಇದೆ. ಆ ಗುಡ್ಡೆಯಲ್ಲಿ ನೀವು ತೋರಿಸಬೇಕೆಂದಿದ್ದ ಜಾಗ ಯಾವುದು? ನಡುವೋ, ಅಂಚೋ? ಬಿಂದುವಿಗೆ ಈ ಗೊಂದಲ ಇಲ್ಲ. ಅದಕ್ಕೆ ಉದ್ದ, ಅಗಲ, ದಪ್ಪ ಯಾವುದೂ ಇಲ್ಲ. ಇರುವುದು ಸ್ಥಾನ ಒಂದೇ.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ಅಂಗಳದ ರಂಗೋಲಿಗೆ ಇಡುವುದು ಚುಕ್ಕಿ, ಪುಸ್ತಕದಲ್ಲಿ ಓದುವುದು ಬಿಂದು. ಕೈಯಲ್ಲಿ ಎಳೆಯುವುದು ಗೆರೆ, ಪಾಠದಲ್ಲಿ ಬರುವುದು ರೇಖೆ. ಒಂದು ಆಡುಮಾತು, ಇನ್ನೊಂದು ಪುಸ್ತಕದ ಮಾತು, ಅರ್ಥ ಒಂದೇ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ನಾನು ತರಗತಿಯಲ್ಲಿ ಅವನ್ನು ಬೇರೆ ಬೇರೆಯಾಗಿಯೇ ಬಳಸುತ್ತೇನೆ. ಕಣ್ಣಿಗೆ ಕಾಣುವುದು ಚುಕ್ಕಿ ಮತ್ತು ಗೆರೆ. ಮನಸ್ಸಿನಲ್ಲಿ ಹಿಡಿಯಬೇಕಾದ್ದು ಬಿಂದು ಮತ್ತು ರೇಖೆ. ಈ ಒಂದು ವ್ಯತ್ಯಾಸ ಗಟ್ಟಿಯಾದರೆ ಮುಂದಿನ ಅರ್ಧ ಪ್ರಶ್ನೆಗಳು ತಾವಾಗಿ ಕರಗುತ್ತವೆ. ಇಲ್ಲೂ ಹಾಗೇ ಬಳಸಿದ್ದೇನೆ.

ಅಗಲವೇ ಇಲ್ಲದ್ದು ನಿಜವಾಗಿ ಇದೆ ಅಂತ ಹೇಗೆ ನಂಬೋದು?

ಇದನ್ನು ಕೇಳುವ ಮಗುವಿಗೆ ನಾನು ಕರ್ನಾಟಕದ ನಕ್ಷೆ ತೋರಿಸುತ್ತೇನೆ. ಕರ್ನಾಟಕಕ್ಕೂ ಕೇರಳಕ್ಕೂ ನಡುವೆ ಒಂದು ಗಡಿ ಇದೆ. ಆ ಗಡಿಯ ಅಗಲ ಎಷ್ಟು? ಒಂದು ಅಡಿ ಅಂತ ಹೇಳಿದರೆ, ಆ ಒಂದು ಅಡಿ ನೆಲ ಯಾರದು? ನಮ್ಮದೂ ಅಲ್ಲ, ಅವರದೂ ಅಲ್ಲ ಅನ್ನಬೇಕಾಗುತ್ತದೆ. ಹಾಗಾಗಲು ಸಾಧ್ಯವಿಲ್ಲ. ನಮ್ಮ ನೆಲ ಮುಗಿದ ಕಡೆಯೇ ಅವರ ನೆಲ ಶುರು. ಗಡಿಗೆ ಉದ್ದ ಇದೆ, ಅಗಲ ಇಲ್ಲ. ನಕ್ಷೆಯಲ್ಲಿ ದಪ್ಪಗೆ ಕಾಣುವುದು ಶಾಯಿ.

ಈಗ ದಕ್ಷಿಣಕ್ಕೆ ಬನ್ನಿ. ಬಂಡೀಪುರ, ಮುದುಮಲೆ, ವಯನಾಡು ಕಾಡುಗಳು ಒಂದಕ್ಕೊಂದು ತಾಗುವಲ್ಲಿ ಕರ್ನಾಟಕ, ತಮಿಳುನಾಡು, ಕೇರಳ ಮೂರೂ ಸೇರುತ್ತವೆ. ಮೂರು ಗಡಿಗಳು ಕೂಡುವ ಆ ಜಾಗಕ್ಕೆ ವಿಸ್ತೀರ್ಣ ಇಲ್ಲ, ಉದ್ದವೂ ಇಲ್ಲ. ಆದರೆ ಅದು ಇಲ್ಲ ಅಂತ ಯಾರೂ ಹೇಳುವುದಿಲ್ಲ. ಅಲ್ಲಿ ಕಲ್ಲು ನೆಟ್ಟರೆ ಕಲ್ಲಿಗೆ ಅಗಲ ಇರುತ್ತದೆ, ಜಾಗಕ್ಕೆ ಇರುವುದಿಲ್ಲ. ಕಲ್ಲು ಚುಕ್ಕಿ, ಜಾಗ ಬಿಂದು.

ಮನೆಯಲ್ಲೇ ನೋಡಬೇಕಾದರೆ ನೆರಳಿನ ಅಂಚು ನೋಡಬಹುದು, ಬಣ್ಣ ಬದಲಾಗುವ ಸೀರೆಯ ಅಂಚು ನೋಡಬಹುದು. ಒಂದು ಮುಗಿದು ಇನ್ನೊಂದು ಶುರುವಾಗುವ ಕಡೆಯೆಲ್ಲ ರೇಖೆಯ ಕಲ್ಪನೆ ಸಿಗುತ್ತದೆ.

ರೇಖೆ, ರೇಖಾಖಂಡ, ಕಿರಣ: ಮೂರಕ್ಕೂ ಏನು ವ್ಯತ್ಯಾಸ?

ತುದಿ ಎಣಿಸಿ. ರೇಖಾಖಂಡಕ್ಕೆ ಎರಡು ತುದಿ. ಕಿರಣಕ್ಕೆ ಒಂದು. ರೇಖೆಗೆ ತುದಿಯೇ ಇಲ್ಲ, ಎರಡೂ ಕಡೆ ಕೊನೆಯಿಲ್ಲದೆ ಹೋಗುತ್ತದೆ.

ಹಾಗಾಗಿ ಸ್ಕೇಲ್ ಇಟ್ಟು ಅಳೆಯಲು ಆಗುವುದು ರೇಖಾಖಂಡವನ್ನು ಮಾತ್ರ. 'ಈ ರೇಖೆಯ ಉದ್ದ 6 ಸೆಂ.ಮೀ.' ಅಂತ ಬರೆದರೆ ಅದು ತಪ್ಪು. ಮಾತಿನಲ್ಲಿ ನಾವೆಲ್ಲ ಹಾಗೆ ಹೇಳುತ್ತೇವೆ, ಬರೆಯುವಾಗ ಹುಷಾರಾಗಿರಬೇಕು. ಟಾರ್ಚ್‌ನ ಬೆಳಕನ್ನು ಕಿರಣಕ್ಕೆ ಉದಾಹರಣೆ ಕೊಡುತ್ತಾರೆ. ಒಳ್ಳೆಯ ಉದಾಹರಣೆಯೇ. ಆದರೆ ಟಾರ್ಚ್ ಬೆಳಕು ಹೋಗ್ತಾ ಹೋಗ್ತಾ ಅಗಲವಾಗುತ್ತದೆ, ಮಂಕಾಗುತ್ತದೆ. ರೇಖಾಗಣಿತದ ಕಿರಣ ಹಾಗಾಗುವುದಿಲ್ಲ.

ಎಬಿ ಅಂದರೂ ಬಿಎ ಅಂದರೂ ಒಂದೇನಾ?

ರೇಖೆಗೆ ಒಂದೇ, ರೇಖಾಖಂಡಕ್ಕೂ ಒಂದೇ. ಕಿರಣಕ್ಕೆ ಮಾತ್ರ ಬೇರೆ. ಎಬಿ ಕಿರಣ ಎ ಬಿಂದುವಿನಿಂದ ಹೊರಟು ಬಿ ಕಡೆಗೆ ಹೋಗುತ್ತದೆ, ಬಿಎ ಕಿರಣ ಬಿ ಇಂದ ಹೊರಡುತ್ತದೆ. ಪರೀಕ್ಷೆಯಲ್ಲಿ ಸುಮ್ನೆ ಅಂಕ ಹೋಗುವುದು ಇಲ್ಲೇ. ಹೊರಡುವ ಬಿಂದುವಿನ ಹೆಸರು ಮೊದಲು ಬರಬೇಕು.

ಎರಡು ಬಿಂದುಗಳ ಮೂಲಕ ಒಂದೇ ಒಂದು ರೇಖೆ ಯಾಕೆ? ಎರಡು ಎಳೆಯಬಹುದಲ್ಲ?

ಎರಡು ಗೆರೆ ಎಳೆಯಬಹುದು. ದಪ್ಪ ಚುಕ್ಕಿಗಳಾದರೆ ಸ್ಕೇಲನ್ನು ಚೂರು ಆಚೀಚೆ ಮಾಡಿ ಮೂರು ಗೆರೆಯೂ ಎಳೆಯಬಹುದು. ಅಗಲವಿಲ್ಲದ ಬಿಂದುಗಳಲ್ಲಿ ಆಚೀಚೆ ಮಾಡಲು ಜಾಗವೇ ಇಲ್ಲ.

ಮನೆ ಕಟ್ಟುವ ಕಡೆ ಹೋಗಿ ನಿಂತು ನೋಡಿ. ಗೋಡೆ ಶುರು ಮಾಡುವ ಮುಂಚೆ ಮೇಸ್ತ್ರಿ ಎರಡು ಕೊನೆಯಲ್ಲಿ ಮೊಳೆ ಹೊಡೆದು ದಾರ ಕಟ್ಟುತ್ತಾರೆ. ದಾರ ಬಿಗಿಯಾದ ಮೇಲೆ ಅದಕ್ಕೆ ಬೇರೆ ದಾರಿಯೇ ಇಲ್ಲ, ಒಂದೇ ಒಂದು ನೇರ ಸಿಗುತ್ತದೆ. ಆ ದಾರಕ್ಕೆ ಹೊಂದಿಸಿ ಇಟ್ಟಿಗೆ ಇಡುತ್ತಾ ಹೋಗುತ್ತಾರೆ. ಮೂರನೆಯ ಮೊಳೆ ಹೊಡೆದರೆ ಏನಾಗುತ್ತದೆ? ಅದು ದಾರದ ಮೇಲೇ ಬಿದ್ದರೆ ಸರಿ, ಇಲ್ಲದಿದ್ದರೆ ದಾರ ಮುರಿದ ಹಾಗೆ ಬಾಗುತ್ತದೆ. ಮೂರು ಬಿಂದುಗಳು ಒಂದೇ ರೇಖೆಯ ಮೇಲಿದ್ದರೆ ಅವು ಏಕರೇಖಾಗತ ಬಿಂದುಗಳು. ಹೆಸರು ದೊಡ್ಡದು, ಸಂಗತಿ ಇಷ್ಟೇ.

ಒಂದೇ ಬಿಂದು ಇದ್ದರೆ? ಅದರ ಮೂಲಕ ಎಷ್ಟು ರೇಖೆ ಬೇಕಾದರೂ ಹೋಗಬಹುದು. ಒಂದೇ ಮೊಳೆಗೆ ಕಟ್ಟಿದ ದಾರವನ್ನು ಯಾವ ಕಡೆಗೆ ಬೇಕಾದರೂ ಎಳೆಯಬಹುದಲ್ಲ, ಹಾಗೆ.

ಭೂಮಿ ಅಳೆಯುವವರಿಗೂ ಆಧಾರ ಇದೇ. 1802ರಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಎರಡು ಬಿಂದು ಗುರುತಿಸಿ, ನಡುವಿನ ಸುಮಾರು 12 ಕಿ.ಮೀ. ದೂರವನ್ನು ಸರಪಳಿ ಹಿಡಿದು ಬಹಳ ನಿಖರವಾಗಿ ಅಳೆದರು. 1804ರಲ್ಲಿ ಬೆಂಗಳೂರಿನ ಬಳಿಯೂ ಇಂಥದೇ ಒಂದು ಅಡಿರೇಖೆಯ, ಅಂದರೆ ಮುಂದಿನ ಲೆಕ್ಕಕ್ಕೆಲ್ಲ ಆಧಾರವಾಗುವ ರೇಖಾಖಂಡದ, ಅಳತೆ ಆಯಿತು. ಭಾರತವನ್ನೆಲ್ಲ ತ್ರಿಭುಜಗಳಲ್ಲಿ ಅಳೆದ ದೊಡ್ಡ ಸರ್ವೆ ಬೆಳೆದದ್ದು ಹೀಗೆ. ಕೈಯಿಂದ ಅಳೆದ ರೇಖಾಖಂಡಗಳು ಕೆಲವೇ ಕೆಲವು. ಮಿಕ್ಕಿದ್ದನ್ನು ಕೋನ ನೋಡಿ ಲೆಕ್ಕ ಹಾಕಿದರು.

ಐದು ಬಿಂದು ಕೊಟ್ಟರೆ ಎಷ್ಟು ರೇಖೆ ಎಳೆಯಬಹುದು?

ಯಾವ ಮೂರೂ ಒಂದೇ ರೇಖೆಯ ಮೇಲಿಲ್ಲ ಅಂದುಕೊಳ್ಳಿ. ಪ್ರತಿ ಬಿಂದುವಿನಿಂದ ಮಿಕ್ಕ 4ಕ್ಕೆ ಎಳೆಯಬಹುದು, ಒಟ್ಟು 5×4=20. ಆದರೆ ಪ್ರತಿಯೊಂದನ್ನೂ ಎರಡೆರಡು ಸಲ ಎಣಿಸಿದ್ದೇವೆ. ಉತ್ತರ 10. ಬಾಯಿಪಾಠ ಸೂತ್ರ ಬೇಕಾಗಿಲ್ಲ.

ಬಿಂದುಗಳು ಒಂದೇ ಸಾಲಿನಲ್ಲಿ ಬಿದ್ದರೆ ಲೆಕ್ಕ ಬದಲಾಗುತ್ತದೆ. 4 ಬಿಂದುಗಳಿಗೆ 6 ರೇಖೆ ಬರಬಹುದು, 4 ಬರಬಹುದು, 1 ಬರಬಹುದು. ಯಾವ ಯಾವ ಜೋಡಣೆಗೆ ಎಷ್ಟು ಅಂತ ಬಿಡಿಸಿ ನೋಡಿ. 5 ಅಥವಾ 3 ಯಾಕೆ ಬರುವುದಿಲ್ಲ ಅಂತ ಯೋಚಿಸುವುದು ಇನ್ನೂ ಒಳ್ಳೆಯದು.

ಬಿಂದುವಿಗೆ ಉದ್ದವೇ ಇಲ್ಲ ಅಂದಮೇಲೆ, ಬಿಂದುಗಳೇ ಸೇರಿದ ರೇಖೆಗೆ ಉದ್ದ ಎಲ್ಲಿಂದ ಬಂತು?

ನನಗೆ ಅತಿ ಇಷ್ಟವಾದ ಪ್ರಶ್ನೆ ಇದು. ವರ್ಷಕ್ಕೆ ಒಬ್ಬರಾದರೂ ಕೇಳುತ್ತಾರೆ. 'ಸೊನ್ನೆಗೆ ಸೊನ್ನೆ ಕೂಡಿಸಿದರೆ ಸೊನ್ನೆನೇ ಅಲ್ವಾ?' ಅಂತ ಕೇಳುವ ಮಗು ಪಾಠವನ್ನು ನಿಜವಾಗಿ ಕೇಳಿಸಿಕೊಂಡಿದೆ ಅಂತ ಅರ್ಥ. ನಾನು ಚಿಕ್ಕವನಿದ್ದಾಗ ಇದನ್ನೇ ಕೇಳಿ 'ಸುಮ್ನೆ ಕೂತ್ಕೋ' ಅನ್ನಿಸಿಕೊಂಡಿದ್ದೆ. ಆ ಬೇಜಾರು ಬಹಳ ದಿನ ಇತ್ತು. ಅದಕ್ಕೇ ಈ ಪ್ರಶ್ನೆ ಬಂದಾಗ ನಾನು ಅವತ್ತಿನ ಪಾಠ ಬದಿಗಿಡುತ್ತೇನೆ.

ಗೊಂದಲ ಹುಟ್ಟುವುದು ನಮ್ಮ ಮನಸ್ಸಿನಲ್ಲಿರುವ ಮಣಿಸರದ ಚಿತ್ರದಿಂದ. ಮಣಿಗಳನ್ನು ಒಂದರ ಪಕ್ಕ ಒಂದು ಪೋಣಿಸಿದರೆ ಸರ ಆಗುತ್ತದೆ. ಬಿಂದುಗಳನ್ನು ಹಾಗೇ ಪೋಣಿಸಿದರೆ ರೇಖೆ ಆಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಬಿಂದುವಿಗೆ 'ಪಕ್ಕದ ಬಿಂದು' ಅನ್ನೋದೇ ಇಲ್ಲ.

ಪರೀಕ್ಷಿಸಿ ನೋಡಿ. ಸ್ಕೇಲಿನ ಮೇಲೆ 0 ಇದೆ. ಅದರ ಪಕ್ಕದ ಬಿಂದು ಯಾವುದು? 1 ಅನ್ನುತ್ತೀರಾ? ನಡುವೆ ಅರ್ಧ ಇದೆ. ಅರ್ಧವಾ? ನಡುವೆ ಕಾಲು ಇದೆ. ಕಾಲಿಗಿಂತ ಹತ್ತಿರ ಅರೆಕಾಲು ಇದೆ. ನೀವು ಎಷ್ಟು ಹತ್ತಿರದ ಬಿಂದು ಹೇಳಿದರೂ ಅದಕ್ಕೂ 0ಗೂ ನಡುವೆ ಇನ್ನೊಂದು ಇದ್ದೇ ಇರುತ್ತದೆ. ಮಣಿಸರದಲ್ಲಿ ಒಂದಾದ ಮೇಲೆ ಒಂದು ಎಣಿಸಬಹುದು. ರೇಖೆಯ ಬಿಂದುಗಳನ್ನು ಹಾಗೆ ಸಾಲಾಗಿ ಎಣಿಸಲು ಆಗುವುದಿಲ್ಲ. ಒಂದೊಂದಾಗಿ ಎಣಿಸಲು ಆಗದ ಮೇಲೆ ಒಂದೊಂದಾಗಿ ಕೂಡಿಸಲೂ ಆಗುವುದಿಲ್ಲ. ಹಾಗಾಗಿ 'ಸೊನ್ನೆ ಕೂಡಿಸು ಸೊನ್ನೆ' ಅನ್ನುವ ಲೆಕ್ಕವೇ ಇಲ್ಲಿ ಶುರುವಾಗುವುದಿಲ್ಲ.

ಹಾಗಾದರೆ ಉದ್ದ ಅಂದರೇನು? ಅದು ಎರಡು ಬಿಂದುಗಳ ನಡುವಿನ ಅಂತರ. ಒಂಟಿ ಬಿಂದುವಿನ ಗುಣ ಅಲ್ಲ, ಜೋಡಿಯ ಗುಣ. ಒಬ್ಬರೇ ಇದ್ದಾಗ ಅಣ್ಣ ತಮ್ಮ ಅನ್ನುವ ಸಂಬಂಧ ಇರುವುದಿಲ್ಲ, ಇಬ್ಬರಾದ ಮೇಲೆ ಬರುತ್ತದೆ. ಉದ್ದವೂ ಹಾಗೇ.

ದೊಡ್ಡ ರೇಖಾಖಂಡದಲ್ಲಿ ಜಾಸ್ತಿ ಬಿಂದುಗಳು ಇರುತ್ತವಾ?

ಇರುತ್ತವೆ ಅನ್ನಿಸುತ್ತದೆ. ಆದರೆ ಇಲ್ಲ. ಒಂದು ತ್ರಿಭುಜ ಬರೆಯಿರಿ, ಪಾದ 10 ಸೆಂ.ಮೀ. ಇರಲಿ. ಎತ್ತರದ ಅರ್ಧದಲ್ಲಿ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ, ಅದು 5 ಸೆಂ.ಮೀ. ಆಗುತ್ತದೆ. ಈಗ ಮೇಲಿನ ತುದಿಯಿಂದ ಕೆಳಗೆ ಒಂದು ಗೆರೆ ಇಳಿಸಿ. ಅದು 5 ಸೆಂ.ಮೀ. ಗೆರೆಯನ್ನು ಒಂದು ಕಡೆ ಮುಟ್ಟುತ್ತದೆ, 10 ಸೆಂ.ಮೀ. ಪಾದವನ್ನು ಒಂದು ಕಡೆ ಮುಟ್ಟುತ್ತದೆ. ಮೇಲಿನ ಒಂದೊಂದು ಬಿಂದುವಿಗೆ ಕೆಳಗೆ ಒಂದೊಂದು ಜೊತೆ ಸಿಕ್ಕಿತು. ಯಾರೂ ಒಂಟಿಯಾಗಿ ಉಳಿಯಲಿಲ್ಲ.

ಜರ್ಮನಿಯ ಗೇಯಾರ್ಗ್ ಕ್ಯಾಂಟರ್ 1877ರಲ್ಲಿ ಇನ್ನೂ ಮುಂದಕ್ಕೆ ಹೋದರು. ಒಂದು ಚೌಕದ ಒಳಗಿನ ಬಿಂದುಗಳಿಗೂ ಅದರ ಒಂದು ಬಾಹುವಿನ ಬಿಂದುಗಳಿಗೂ ಹೀಗೇ ಜೋಡಿ ಮಾಡಬಹುದು ಅಂತ ತೋರಿಸಿದರು. ತಾನು ಸಾಧಿಸಿದ್ದನ್ನು ತನಗೇ ನಂಬಲು ಆಗುತ್ತಿಲ್ಲ ಅಂತ ಗೆಳೆಯ ಡೆಡೆಕಿಂಡ್‌ಗೆ ಬರೆದರು. ಮಕ್ಕಳಿಗೆ ಇದು ನಂಬಲು ಕಷ್ಟ ಅನ್ನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಗೋಡೆ ಸಮತಲನಾ? ಅದು ನಿಂತಿದೆಯಲ್ಲ!

ಸಮತಲವೇ. ಈ ಗೊಂದಲಕ್ಕೆ ಕಾರಣ ಆ ಪದ. ಸಮತಲ ಅಂದ ಕೂಡಲೇ ನಮಗೆ ಮಟ್ಟಸವಾದ ನೆಲ, ಆಟದ ಮೈದಾನ ನೆನಪಾಗುತ್ತದೆ. ರೇಖಾಗಣಿತಕ್ಕೆ ಮೇಲೆ ಕೆಳಗೆ ಅನ್ನೋದೇ ಇಲ್ಲ. ಗೋಡೆ ಸಮತಲ, ಇಳಿಜಾರಾದ ಶೀಟ್ ಚಾವಣಿ ಸಮತಲ, ಓರೆಯಾಗಿ ಹಿಡಿದ ರಟ್ಟು ಸಮತಲ. ಸರಿಯಾಗಿ ಹೇಳಬೇಕಂದ್ರೆ ಇವೆಲ್ಲ ಸಮತಲದ ತುಂಡುಗಳು. ನಿಜವಾದ ಸಮತಲಕ್ಕೆ ದಪ್ಪ ಇಲ್ಲ, ಅಂಚೂ ಇಲ್ಲ, ಎಲ್ಲ ಕಡೆಗೂ ಹರಡಿಕೊಂಡು ಹೋಗುತ್ತದೆ.

ಗಾರೆ ಕೆಲಸದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ನೆಲ ಮಟ್ಟ ಇದೆಯಾ ಅಂತ ನೋಡಲು ರಸಮಟ್ಟ ಇಡುತ್ತಾರೆ. ಗೋಡೆ ನೆಟ್ಟಗಿದೆಯಾ ಅಂತ ನೋಡಲು ತೂಗುಗುಂಡು ಇಳಿಬಿಡುತ್ತಾರೆ. ಇವೆರಡೂ ಸಮತಲವನ್ನು ಪರೀಕ್ಷಿಸುವುದಿಲ್ಲ. ಪ್ಲಾಸ್ಟರ್ ಉಬ್ಬುತಗ್ಗು ಇಲ್ಲದೆ ಬಂದಿದೆಯಾ ಅಂತ ನೋಡಲು ಬೇರೆ ಉಪಾಯ ಇದೆ. ಉದ್ದನೆಯ ನೇರ ಪಟ್ಟಿಯನ್ನು ಗೋಡೆಗೆ ಒತ್ತಿ ಹಿಡಿಯುತ್ತಾರೆ, ಉದ್ದಕ್ಕೆ, ಅಡ್ಡಕ್ಕೆ, ಓರೆಗೆ. ಎಲ್ಲೂ ಸಂದು ಕಾಣದಿದ್ದರೆ ಕೆಲಸ ಸರಿ.

ಪುಸ್ತಕದಲ್ಲಿ ಇದನ್ನೇ ಬೇರೆ ಮಾತಿನಲ್ಲಿ ಹೇಳಿರುತ್ತಾರೆ. ಸಮತಲದ ಮೇಲಿನ ಯಾವ ಎರಡು ಬಿಂದು ತೆಗೆದುಕೊಂಡರೂ ಅವುಗಳ ಮೂಲಕ ಹೋಗುವ ರೇಖೆ ಪೂರ್ತಿ ಆ ಸಮತಲದಲ್ಲೇ ಇರುತ್ತದೆ. ದುಂಡನೆಯ ಕಂಬಕ್ಕೆ ಪಟ್ಟಿ ಹಿಡಿದು ನೋಡಿ. ಉದ್ದಕ್ಕೆ ಹಿಡಿದರೆ ಅಂಟಿಕೊಂಡ ಹಾಗೆ ಕೂರುತ್ತದೆ. ಅಡ್ಡ ಹಿಡಿದರೆ ಎರಡು ಕಡೆ ಸಂದು. ಒಂದು ದಿಕ್ಕಿನಲ್ಲಿ ನೇರ ಇದ್ದರೆ ಸಾಲದು, ಎಲ್ಲ ದಿಕ್ಕಿನಲ್ಲೂ ಇರಬೇಕು.

ಸಮತಲಕ್ಕೆ ಮೂರೇ ಬಿಂದು ಸಾಕು ಅಂತಾರೆ. ನಾಲ್ಕಾದರೆ ಇನ್ನೂ ಗಟ್ಟಿ ಅಲ್ವಾ?

ಅಜ್ಜಿಯರ ಕಾಲದ ಒಲೆ ನೆನಪಿಸಿಕೊಳ್ಳಿ. ಮೂರು ಕಲ್ಲು, ಮೇಲೆ ಪಾತ್ರೆ. ಕಲ್ಲುಗಳು ಒಂದೇ ಎತ್ತರ ಇರಲೇಬೇಕಂತಿಲ್ಲ. ಪಾತ್ರೆ ಸ್ವಲ್ಪ ವಾಲಬಹುದು, ಆದರೆ ಕುಟುಕುಟು ಅಂತ ಅಲ್ಲಾಡುವುದಿಲ್ಲ. ನಾಲ್ಕು ಕಲ್ಲು ಇಟ್ಟರೆ ನಾಲ್ಕನೆಯದನ್ನು ಸರಿಯಾಗಿ ಹೊಂದಿಸುವ ತನಕ ಪಾತ್ರೆ ಅಲ್ಲಾಡುತ್ತಲೇ ಇರುತ್ತದೆ.

ಒಂದೇ ಸಾಲಿನಲ್ಲಿಲ್ಲದ ಮೂರು ಬಿಂದುಗಳ ಮೂಲಕ ಒಂದು ಸಮತಲ ಹೋಗುತ್ತದೆ, ಒಂದೇ ಹೋಗುತ್ತದೆ. ನಾಲ್ಕನೆಯ ಬಿಂದು ಆ ಸಮತಲದಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲದಿದ್ದರೆ ಪಾತ್ರೆ ಒಮ್ಮೆ ಈ ಮೂರರ ಮೇಲೆ, ಒಮ್ಮೆ ಆ ಮೂರರ ಮೇಲೆ ಕೂರುತ್ತದೆ. ಹೋಟೆಲ್ ಟೇಬಲ್ ಅಲ್ಲಾಡುವುದು, ಅದರ ಕಾಲಿನ ಕೆಳಗೆ ಕಾಗದ ಮಡಿಚಿ ತುರುಕುವುದು ಎಲ್ಲ ಇದೇ ಕಾರಣಕ್ಕೆ. ಕ್ಯಾಮೆರಾ ಸ್ಟ್ಯಾಂಡಿಗೂ ಸರ್ವೆಯವರ ಉಪಕರಣಕ್ಕೂ ಮೂರು ಕಾಲು ಇಡುವುದು ಎಂಥ ಉಬ್ಬುತಗ್ಗಿನ ನೆಲದಲ್ಲೂ ಅಲ್ಲಾಡದೆ ನಿಲ್ಲಲಿ ಅಂತ.

'ಒಂದೇ ಸಾಲಿನಲ್ಲಿಲ್ಲದ' ಅನ್ನುವ ಮಾತನ್ನು ಮಾತ್ರ ಬಿಡಬಾರದು. ಸಾಲಾಗಿ ಇಟ್ಟ ಮೂರು ಕಲ್ಲಿನ ಮೇಲೆ ಪಾತ್ರೆ ನಿಲ್ಲುತ್ತದಾ? ಆ ಕಡೆಯೋ ಈ ಕಡೆಯೋ ಮಗುಚಿಕೊಳ್ಳುತ್ತದೆ. ಬಾಗಿಲು ತನ್ನ ತಿರುಗಣಿಗಳ ಮೇಲೆ ತಿರುಗುವುದೂ ಹಾಗೇ. ತಿರುಗಣಿ ಎರಡಿದ್ದರೂ ಮೂರಿದ್ದರೂ ಅವು ಒಂದೇ ರೇಖೆಯ ಮೇಲಿವೆ. ಚಿಲಕ ಹಾಕಿದಾಗ ಆ ರೇಖೆಯ ಹೊರಗೆ ಒಂದು ಬಿಂದು ಸಿಕ್ಕಿ ಬಾಗಿಲು ನಿಲ್ಲುತ್ತದೆ.

ಎರಡು ಸಮತಲಗಳು ಒಂದೇ ಬಿಂದುವಿನಲ್ಲಿ ಸೇರಬಹುದಾ?

ಇಲ್ಲ. ಸೇರಿದರೆ ಒಂದು ರೇಖೆಯಲ್ಲೇ ಸೇರುತ್ತವೆ, ಇಲ್ಲವೇ ಸಮಾಂತರವಾಗಿರುತ್ತವೆ. ರಟ್ಟಿನ ಮೂಲೆಯನ್ನು ಮೇಜಿಗೆ ತಾಗಿಸಿ 'ನೋಡಿ ಸಾರ್, ಒಂದೇ ಬಿಂದು' ಅಂತ ಮಕ್ಕಳು ತೋರಿಸುತ್ತಾರೆ. ರಟ್ಟಿಗೆ ಅಂಚು ಇದೆ, ಅದಕ್ಕೆ ಹಾಗೆ ಕಾಣುತ್ತದೆ. ಸಮತಲಕ್ಕೆ ಅಂಚಿಲ್ಲ. ಆ ರಟ್ಟು ಮೇಜನ್ನು ಸೀಳಿಕೊಂಡು ಮುಂದುವರಿಯಿತು ಅಂತ ಊಹಿಸಿಕೊಳ್ಳಿ.

ಇದನ್ನು ಕೈಯಲ್ಲೇ ಮಾಡಿ ನೋಡಬಹುದು. ಹಳೆಯ ಎರಡು ಲಗ್ನಪತ್ರಿಕೆ ತೆಗೆದುಕೊಳ್ಳಿ. ಎರಡಕ್ಕೂ ನಡುವಿನ ತನಕ ಕತ್ತರಿ ಹಾಕಿ ಒಂದರೊಳಗೆ ಒಂದು ಸಿಕ್ಕಿಸಿ. ಅವು ಕೂಡಿದ ಕಡೆ ಉದ್ದಕ್ಕೂ ಒಂದು ಗೆರೆ ಕಾಣುತ್ತದೆ. ಹೇಗೆ ತಿರುಗಿಸಿದರೂ ಗೆರೆಯೇ.

ಮೂರನೆಯ ಸಮತಲ ಬಂದಾಗ ಬಿಂದು ಸಿಗಬಹುದು. ಕೋಣೆಯ ಮೂಲೆ ನೋಡಿ, ಎರಡು ಗೋಡೆ ಮತ್ತು ನೆಲ ಅಲ್ಲಿ ಕೂಡುತ್ತವೆ. ಆದರೆ ಮೂರು ಸಮತಲ ಯಾವಾಗಲೂ ಬಿಂದುವನ್ನೇ ಕೊಡಬೇಕಂತಿಲ್ಲ. ತೆರೆದ ನೋಟ್‌ಬುಕ್ಕಿನ ಹಾಳೆಗಳೆಲ್ಲ ಹೊಲಿಗೆಯ ಉದ್ದಕ್ಕೂ ಒಂದೇ ರೇಖೆಯಲ್ಲಿ ಕೂಡಿರುತ್ತವೆ.

ಒಂದಕ್ಕೊಂದು ಸೇರದ ರೇಖೆಗಳೆಲ್ಲ ಸಮಾಂತರವೇ?

ಒಂದೇ ಸಮತಲದಲ್ಲಿದ್ದರೆ ಹೌದು. ಇಲ್ಲದಿದ್ದರೆ ಅಲ್ಲ. ಮೇಲ್ಸೇತುವೆಯೂ ಅದರ ಕೆಳಗೆ ಅಡ್ಡ ಹಾದುಹೋಗುವ ರಸ್ತೆಯೂ ಎಲ್ಲೂ ಸೇರುವುದಿಲ್ಲ, ಹಾಗಂತ ಸಮಾಂತರವೂ ಅಲ್ಲ. ಅವೆರಡನ್ನೂ ಹಿಡಿದಿಡುವ ಒಂದೇ ಸಮತಲ ಇಲ್ಲ. ಒಂದು ಬೆಂಕಿಪೊಟ್ಟಣ ತೆಗೆದುಕೊಂಡು ಅದರ 12 ಅಂಚುಗಳಲ್ಲಿ ಒಂದನ್ನು ಹಿಡಿಯಿರಿ. ಅದಕ್ಕೆ ಸಮಾಂತರವಾದವು 3, ಅದನ್ನು ಮುಟ್ಟುವವು 4, ಎರಡೂ ಅಲ್ಲದವು 4. ಕಾಗದದ ಮೇಲೇ ಪಾಠ ಮಾಡಿದರೆ ಈ ಕೊನೆಯ ನಾಲ್ಕು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ರೈಲು ಹಳಿಗಳು ದೂರದಲ್ಲಿ ಸೇರಿದ ಹಾಗೆ ಕಾಣುತ್ತವಲ್ಲ?

ಕಾಣುತ್ತವೆ, ಸೇರುವುದಿಲ್ಲ. ನಮ್ಮ ಬ್ರಾಡ್‌ಗೇಜ್ ಹಳಿಗಳ ಅಂತರ 1,676 ಮಿ.ಮೀ. ದೂರ ಹೋದಷ್ಟೂ ಅದೇ ಅಂತರ ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ.

ಬಿಂದು, ರೇಖೆ, ಸಮತಲಕ್ಕೆ ವ್ಯಾಖ್ಯೆ ಇಲ್ಲ ಅಂತ ಪುಸ್ತಕದಲ್ಲಿದೆ. ವ್ಯಾಖ್ಯೆ ಇಲ್ಲದೆ ಗಣಿತ ಹೇಗೆ?

ನಿಘಂಟಿನಲ್ಲಿ ಒಂದು ಪದದ ಅರ್ಥ ಹುಡುಕಿ. ಅಲ್ಲಿ ಬರುವ ಪದದ ಅರ್ಥ ಮತ್ತೆ ಹುಡುಕಿ. ಹೀಗೇ ಹೋದರೆ ಎಲ್ಲೋ ಒಂದು ಕಡೆ ಮೊದಲಿನ ಪದಕ್ಕೇ ವಾಪಸ್ ಬರುತ್ತೀರಿ. ಪ್ರತಿ ಪದಕ್ಕೂ ಇನ್ನೊಂದು ಪದದಿಂದ ಅರ್ಥ ಹೇಳಲು ಹೊರಟರೆ ಸುತ್ತುತ್ತಲೇ ಇರಬೇಕು. ಎಲ್ಲಾದರೂ ನಿಲ್ಲಬೇಕು.

ಕ್ರಿ.ಪೂ. 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಎಲಿಮೆಂಟ್ಸ್ ಅನ್ನುವ ಗ್ರಂಥ ಬರೆದರು. ಅದರ 13 ಭಾಗಗಳಲ್ಲಿ ಮೊದಲನೆಯದು 23 ವ್ಯಾಖ್ಯೆಗಳಿಂದ ಶುರುವಾಗುತ್ತದೆ. ಬಿಂದು ಅಂದರೆ ಭಾಗಗಳಿಲ್ಲದ್ದು, ರೇಖೆ ಅಂದರೆ ಅಗಲವಿಲ್ಲದ ಉದ್ದ ಅಂತ ಅಲ್ಲಿದೆ. ಕೇಳಲು ಚೆನ್ನಾಗಿದೆ. ಆದರೆ ಭಾಗ ಅಂದರೇನು, ಉದ್ದ ಅಂದರೇನು? ಮುಂದಿನ ಸಾಧನೆಗಳಲ್ಲಿ ಈ ಎರಡು ವ್ಯಾಖ್ಯೆಗಳಿಂದ ಕೆಲಸವೇನೂ ಆಗುವುದಿಲ್ಲ. ಕೆಲಸ ನಡೆಸುವುದು ಸಾಧನೆ ಕೇಳದೆ ಮೊದಲೇ ಒಪ್ಪಿಕೊಂಡ ಮಾತುಗಳು: ಅವರ 5 ಆಧಾರ ಪ್ರತಿಜ್ಞೆಗಳು, ಸ್ವಯಂಸಿದ್ಧಗಳು.

1899ರಲ್ಲಿ ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಇದನ್ನು ನೇರವಾಗಿ ಒಪ್ಪಿಕೊಂಡು ರೇಖಾಗಣಿತವನ್ನು ಹೊಸದಾಗಿ ಕಟ್ಟಿದರು. ಬಿಂದು, ರೇಖೆ, ಸಮತಲ ಏನು ಅಂತ ಹೇಳಲು ಹೋಗಲೇ ಇಲ್ಲ. ಅವು ಒಂದಕ್ಕೊಂದು ಹೇಗೆ ನಡೆದುಕೊಳ್ಳಬೇಕು ಅನ್ನುವ ನಿಯಮಗಳನ್ನಷ್ಟೇ ಕೊಟ್ಟರು. ಅವುಗಳ ಬದಲು ಮೇಜು, ಕುರ್ಚಿ, ಬಿಯರ್ ಲೋಟ ಅಂತ ಹೇಳಿದರೂ ನಡೆಯಬೇಕು ಅನ್ನುತ್ತಿದ್ದರಂತೆ.

ನಾನು ಇದನ್ನು ಚೌಕಾಬಾರದಿಂದ ವಿವರಿಸುತ್ತೇನೆ. ಚೌಕಾಬಾರದ ಕಾಯಿ ಅಂದರೇನು? ಹುಣಸೆಬೀಜ ಆಗಬಹುದು, ಬಳೆಚೂರು ಆಗಬಹುದು, ಬೆಣಚುಕಲ್ಲು ಆಗಬಹುದು. ಅದು ಯಾವ ಮನೆಯಿಂದ ಹೊರಡುತ್ತದೆ, ಹೇಗೆ ನಡೆಯುತ್ತದೆ, ಯಾವಾಗ ಹೊಡೆಯುತ್ತದೆ ಅನ್ನುವುದೇ ಕಾಯಿ. ಯಾವುದರಿಂದ ಮಾಡಿದ್ದು ಅಂತ ಯಾರೂ ಕೇಳುವುದಿಲ್ಲ. ಬಿಂದು ಏನು ಅಂತ ಕೇಳುವುದನ್ನು ಬಿಟ್ಟು, ಬಿಂದು ಏನು ಮಾಡುತ್ತದೆ ಅಂತ ಕೇಳಿ. ಎರಡು ಸೇರಿದರೆ ಒಂದು ರೇಖೆಯನ್ನು ಗೊತ್ತುಮಾಡುತ್ತವೆ, ಸಾಲಿನಲ್ಲಿಲ್ಲದ ಮೂರು ಸೇರಿದರೆ ಒಂದು ಸಮತಲವನ್ನು ಗೊತ್ತುಮಾಡುತ್ತವೆ. ಬಿಂದುವಿನ ಬಗ್ಗೆ ನಾವು ತಿಳಿಯಬೇಕಾದ್ದು ಇಂಥ ಮಾತುಗಳು.

ರೇಖಾಗಣಿತ ಅನ್ನುವ ಹೆಸರು ಎಲ್ಲಿಂದ ಬಂತು?

18ನೇ ಶತಮಾನದ ಶುರುವಿನಲ್ಲಿ ಜೈಪುರದ ಸವಾಯಿ ಜೈಸಿಂಗ್ ಆಸ್ಥಾನದಲ್ಲಿದ್ದ ಸಮ್ರಾಟ್ ಜಗನ್ನಾಥ ಯೂಕ್ಲಿಡ್‌ನ ಗ್ರಂಥವನ್ನು ಅರಬ್ಬಿಯಿಂದ ಸಂಸ್ಕೃತಕ್ಕೆ ತಂದರು. ಅದಕ್ಕೆ ಇಟ್ಟ ಹೆಸರು ರೇಖಾಗಣಿತ. ಅದಕ್ಕೂ ಹಿಂದೆ ನಮ್ಮಲ್ಲಿ ಇದ್ದ ಮಾತು ಕ್ಷೇತ್ರಗಣಿತ. 12ನೇ ಶತಮಾನದ ರಾಜಾದಿತ್ಯ ಆ ಹೆಸರಿನಲ್ಲೇ ಕನ್ನಡದಲ್ಲಿ ಬರೆದಿದ್ದಾನೆ. ಇನ್ನೂ ಹಿಂದಕ್ಕೆ ಹೋದರೆ ಯಜ್ಞವೇದಿ ಅಳೆಯುವ ಶುಲ್ಬಸೂತ್ರಗಳು ಸಿಗುತ್ತವೆ. ಶುಲ್ಬ ಅಂದರೆ ಹಗ್ಗ. ಮೇಸ್ತ್ರಿಯ ದಾರದ ಹಿರಿಯಜ್ಜ ಅನ್ನಬಹುದು.

ಭೂಮಿಯೇ ಗುಂಡಗಿದೆ. ಅದರ ಮೇಲೆ ನೇರ ರೇಖೆ ಎಲ್ಲಿಂದ ಬರುತ್ತೆ?

ಬರುವುದಿಲ್ಲ. ಕೋಣೆ, ಸೈಟು, ಹೊಲದ ಅಳತೆಗೆ ಬಾಗು ಲೆಕ್ಕಕ್ಕೆ ಬಾರದಷ್ಟು ಕಮ್ಮಿ, ಹಾಗಾಗಿ ನಡೆಯುತ್ತದೆ. ದೇಶ ದಾಟುವಾಗ ನಡೆಯುವುದಿಲ್ಲ.

ಗುಂಡು ಮೈಮೇಲೆ ರೇಖೆಯ ಕೆಲಸವನ್ನು ಮಹಾವೃತ್ತಗಳು ಮಾಡುತ್ತವೆ. ಗೋಳದ ಕೇಂದ್ರದ ಮೂಲಕ ಕತ್ತರಿಸಿದರೆ ಮೈಮೇಲೆ ಬೀಳುವ ಗೆರೆಯೇ ಮಹಾವೃತ್ತ. ಸಮಭಾಜಕ ವೃತ್ತ ಅಂಥದ್ದು, ಪ್ರತಿ ರೇಖಾಂಶವೂ ಅಂಥದ್ದರ ಅರ್ಧ. ಅಲ್ಲಿ ನಿಯಮಗಳು ಬದಲಾಗುತ್ತವೆ. ಉತ್ತರ ಧ್ರುವ ಮತ್ತು ದಕ್ಷಿಣ ಧ್ರುವ ಎರಡು ಬಿಂದುಗಳು, ಅವುಗಳ ಮೂಲಕ ಎಲ್ಲ ರೇಖಾಂಶಗಳೂ ಹೋಗುತ್ತವೆ. 'ಎರಡು ಬಿಂದುಗಳಿಗೆ ಒಂದೇ ರೇಖೆ' ಅನ್ನುವುದು ಅಲ್ಲಿ ಮುರಿಯುತ್ತದೆ. ಯಾವ ಎರಡು ಮಹಾವೃತ್ತ ತೆಗೆದುಕೊಂಡರೂ ಸೇರಿಯೇ ಸೇರುತ್ತವೆ, ಸಮಾಂತರ ಅನ್ನುವುದೇ ಇಲ್ಲ. ಧ್ರುವದಿಂದ 90 ಡಿಗ್ರಿ ಅಂತರದ ಎರಡು ರೇಖಾಂಶಗಳಲ್ಲಿ ಸಮಭಾಜಕದ ತನಕ ಇಳಿದರೆ ಮೂರೂ ಕೋನ ಲಂಬಕೋನವಾದ ತ್ರಿಭುಜ ಸಿಗುತ್ತದೆ. ಮೊತ್ತ 270 ಡಿಗ್ರಿ.

ಯೂಕ್ಲಿಡ್‌ನ ಐದನೆಯ ಪ್ರತಿಜ್ಞೆ ಸಮಾಂತರ ರೇಖೆಗೆ ಸಂಬಂಧಿಸಿದ್ದು. ಅದನ್ನು ಮಿಕ್ಕ ನಾಲ್ಕರಿಂದ ಸಾಧಿಸಲು ಎರಡು ಸಾವಿರ ವರ್ಷ ಪ್ರಯತ್ನ ನಡೆಯಿತು. 1829ರಲ್ಲಿ ರಷ್ಯಾದ ಲೊಬಚೆವ್‌ಸ್ಕಿ, 1832ರಲ್ಲಿ ಹಂಗೇರಿಯ ಬೊಯಾಯ್ ಅದನ್ನು ಬದಲಿಸಿದರೂ ಒಂದಕ್ಕೊಂದು ಒಪ್ಪುವ ಬೇರೆಯದೇ ರೇಖಾಗಣಿತ ಕಟ್ಟಬಹುದು ಅಂತ ಪ್ರಕಟಿಸಿದರು. ಆಟದ ಒಂದು ನಿಯಮ ಬದಲಿಸಿದರೆ ಬೇರೆ ಆಟ ಆಗುತ್ತದೆ. ಅದೂ ಆಡಬಹುದಾದ ಆಟವೇ.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮಕ್ಕಳಿರುವ ಪೋಷಕರಿಗೆ ಗುಂಡು ಮೈಮೇಲಿನ ಈ ನೇರದ ಮಾತು ಬೇಗ ಅರ್ಥವಾಗುತ್ತದೆ. ಗೋಡೆಯ ನಕ್ಷೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲ್ ಇಟ್ಟರೆ ಗೆರೆ ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಆದರೆ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದ ಹಾರಿ ಬಂತು. ಅದನ್ನು ಹಾರಿಸಿದವರೆಲ್ಲ ಮಹಿಳಾ ಪೈಲಟ್‌ಗಳು. ಗಾಳಿ ನೋಡಿಕೊಂಡು ದಾರಿ ಆಚೀಚೆ ಬದಲಾಗುತ್ತದೆ, ಆದರೆ ಹತ್ತಿರದ ದಾರಿ ಇರುವುದು ಉತ್ತರದ ಕಡೆಗೇ.

ಮನೆಯಲ್ಲಿ ಅಥವಾ ಶಾಲೆಯಲ್ಲಿ ಗ್ಲೋಬ್ ಇದ್ದರೆ ಮೇಸ್ತ್ರಿ ಮಾಡಿದ್ದನ್ನೇ ಮಾಡಿ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಜಾರಿಕೊಂಡು ಚೀನಾ, ಸೈಬೀರಿಯಾ, ಅಲಾಸ್ಕಾ ಮೇಲೆ ಹೋಗಿ ನಿಲ್ಲುತ್ತದೆ. ಗ್ಲೋಬಿನ ಅಳತೆಗೆ ತಕ್ಕಂತೆ ಲೆಕ್ಕ ಹಾಕಿದರೆ ಆ ದಾರದ ಉದ್ದ ಸುಮಾರು 14,000 ಕಿ.ಮೀ. ಬರಬೇಕು.